ಬದುವಿನ ಕರಿಕಲ್ಲು

ಡಿಸೆಂಬರ್ ೧೨, ಗುರುವಾರ

ಗಂಟಲು ಕಟ್ಟಿದೆ. ಸ್ಯಾಂಪಲ್ಲೂ ಸಿಗಲಿಲ್ಲ.

ಭೂವಿಜ್ಞಾನದ ಸಂಶೋಧನೆಗೆ ವರ್ಷದಿಂದ ಹುಡುಕುತ್ತಿದ್ದ ಕರಿಕಲ್ಲು ವಿದುರಾಶ್ವತ್ಥದ ಅಕ್ಕಯ್ಯಮ್ಮನವರ ಹೊಲದ ಬದುವಿನಲ್ಲಿತ್ತು. ಸುತ್ತಿಗೆ ಎತ್ತಿದ್ದೇ ತಡ, ಓಡಿ ಬಂದರು.

"ಮುಟ್ಬೇಡ ಕಣಮ್ಮ! ಭಾಗ ಆದಾಗಿಂದ ನಮಗೂ ನಮ್ಮ ಭಾವನೋರಿಗೂ ಅದೇ ಗಡಿ."

ಗಡಿಯಂತೆ! ನಾನು ಓದಿದ ಪ್ರಕಾರ ಅದು ಬೆಸುಗೆ. ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಎರಡು ಭೂಖಂಡಗಳು ಡಿಕ್ಕಿ ಹೊಡೆದು ಒಂದಾದಾಗ ಭೂಮಿಯ ಆಳದಿಂದ ಉಕ್ಕಿ, ಹೆಪ್ಪುಗಟ್ಟಿದ ಕಲ್ಲಿರಬೇಕು. ಹಾಗೇ ಹೇಳಿದೆ.

ಅಕ್ಕಯ್ಯಮ್ಮ ಕಲ್ಲಿನ ಮೇಲೆ ಕೂತುಬಿಟ್ಟರು. ಬದುವಿನಾಚೆ ಅವರ ಓರಗಿತ್ತಿ ಅವರೆಕಾಯಿ ಕೀಳುತ್ತಿದ್ದರು, ತಲೆ ಎತ್ತಲಿಲ್ಲ.

"ಎರಡೂ ಒಂದಾಗಿದ್ದಕ್ಕೆ ಈ ಕಲ್ಲೇ ಸಾಕ್ಷಿನಾ?"

"ಹೌದಮ್ಮ."

"ಹಂಗಾದ್ರೆ ಇನ್ನೊಂದ್ ಸಾರಿ ಹೇಳು ಲುಬ್ನಾ," ಎಂದರು ಮೆಲ್ಲಗೆ. "ಒಸಿ ಜೋರಾಗಿ ಹೇಳಮ್ಮ."