ಒಳಗಿನ ಚುಕ್ಕಿಗಳ ಲೆಕ್ಕ

ಅಂಬೇವಾಡಿ, ದಾಂಡೇಲಿ
೧೨ ಜುಲೈ ೧೯೮೪

ಪ್ರೀತಿಯ ರುಕ್ಮಾ,

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ. ನಿನ್ನ ಪತ್ರ ಬಂದು ತಿಂಗಳಾಯಿತು. ಅತ್ತೆಗೆ ಜ್ವರವಿತ್ತು, ಮಳೆ ಹಿಡಿದಿತ್ತು ಎಂದು ಬರೆಯಬಹುದು, ಎರಡೂ ನಿಜ. ಆದರೆ ತಡವಾದದ್ದು ಹೊಟ್ಟೆಕಿಚ್ಚಿನಿಂದ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ?

ನೀನು ಇಲ್ಲಿಯ ಕಾಲೇಜಿಗೆ ಭಾಷಣಕ್ಕೆ ಬಂದು ಹೋದಮೇಲೆ ಊರಲ್ಲಿ ನಿನ್ನದೇ ಮಾತು. ಹೊಳೆಗೆ ಅಣೆಕಟ್ಟು ಅಡ್ಡ ಬಂದರೆ ನೀರು ಎಲ್ಲಿ ತಿರುಗುತ್ತದೆ, ಎಲ್ಲಿ ಸುಳಿಯುತ್ತದೆ ಎಂದು ಮುಂಬಯಿಯಲ್ಲಿ ಕುಳಿತು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಪ್ರೊಫೆಸರ್ ಬಾಯಿ ಇಲ್ಲೇ ಸಾಂಬ್ರಾಣಿ ಊರಿನವಳಂತೆ ಎಂದು ಹಾಲು ಹಾಕುವ ಯಲ್ಲಪ್ಪನೂ ಹೇಳುತ್ತಾನೆ. ನಮ್ಮ ಯಜಮಾನರು ಕಾರ್ಖಾನೆಯಿಂದ ಬಂದು ಊಟಕ್ಕೆ ಕುಳಿತರೆ, "ನಿನ್ನ ಗೆಳತಿ ಭಾಳ ಮುಂದ ಹೋದ್ಲ ನೋಡ" ಎನ್ನುತ್ತಾರೆ. ಮರುದಿನ ನಾನು ಸಾರಿಗೆ ಉಪ್ಪು ಹಾಕಲಿಲ್ಲ, ಬೇಕಂತಲೇ.

ಧಾರವಾಡದಲ್ಲಿ ಎಂ.ಎಸ್‌ಸಿ ಓದುವಾಗ ಇಬ್ಬರದೂ ಒಂದೇ ಬೆಂಚು. ಸಿದ್ದಿಯರ ಹುಡುಗಿಯ ಕೋಣೆಗೆ ಹೋಗಲೊಲ್ಲೆವು ಎಂದು ಹಾಸ್ಟೆಲಿನ ಉಳಿದವರು ಮುಖ ತಿರುಗಿಸಿದಾಗ ಹಾಸಿಗೆ ಸುತ್ತಿಕೊಂಡು ನಿನ್ನ ಕೋಣೆಗೆ ಬಂದವಳು ನಾನು. ಇದನ್ನು ಈಗ ಎತ್ತಿ ಆಡುವುದು ಸಣ್ಣತನ. ಇರಲಿ, ಇವತ್ತು ನನಗೆ ದೊಡ್ಡತನ ಬೇಡ. ಮೊದಲ ಸ್ಥಾನ ನನಗೆ ಬಂದಿತ್ತು. ಸಂಶೋಧನೆಗೆ ಮೊದಲು ಕರೆದದ್ದೂ ನನ್ನನ್ನೇ. ನನ್ನ ಲಗ್ನ ಗಟ್ಟಿಯಾಗಿತ್ತು, ಆ ಜಾಗಕ್ಕೆ ನೀನು ಹೋದೆ. ನೀನು ಕಸಿದುಕೊಳ್ಳಲಿಲ್ಲ, ಗೊತ್ತು. ಗೊತ್ತಿದ್ದರೂ ಉರಿಯುತ್ತದೆ.

ಈಗ ನನ್ನ ಮಗಳನ್ನೂ ಕೇಳುತ್ತಿದ್ದೀಯ. ಮಾಲಾ ಎಂ.ಎಸ್‌ಸಿಯನ್ನು ನಿನ್ನ ಹತ್ತಿರವೇ ಮಾಡಲಿ, ಮುಂದಿನದನ್ನು ನೀನು ನೋಡಿಕೊಳ್ಳುತ್ತೀ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ಹುಡುಗಿಯ ಕಾಲು ನೆಲಕ್ಕೆ ತಾಗಿಲ್ಲ. ರುಕ್ಮಾ ಮೌಶಿ ಹಂಗ ಹೇಳಿದ್ರು, ಹಿಂಗ ಹೇಳಿದ್ರು, ಇದೇ ಜಪ. ಸೆರಗನ್ನು ನಿನ್ನ ಹಾಗೆ ಸೊಂಟಕ್ಕೆ ಸಿಕ್ಕಿಸಿ, ತಲೆ ಒಂದು ಬದಿಗೆ ವಾಲಿಸಿ ನಿಲ್ಲುತ್ತಾಳೆ. ಹೆತ್ತವಳು ನಾನು, ನಿಲ್ಲುವುದು ಮಾತ್ರ ನಿನ್ನ ಹಾಗೆ.

ಅತ್ತೆ ಬೇಡವೇ ಬೇಡ ಎಂದರು. ಯಜಮಾನರು "ನೀ ಹೆಂಗ ಹೇಳ್ತಿ ಹಂಗ" ಎಂದು ನನ್ನ ಮೇಲೆ ಬಿಟ್ಟು ಕೈತೊಳೆದುಕೊಂಡರು. ಇಷ್ಟು ದಿನವೂ ನಾನು ಬೇಡ ಎನ್ನಲು ಒಂದು ಒಳ್ಳೆಯ ಕಾರಣ ಹುಡುಕಿದೆ. ನನ್ನ ಹೊಟ್ಟೆಕಿಚ್ಚು ಬಿಟ್ಟರೆ ಬೇರೆ ಸಿಗಲಿಲ್ಲ. ಕಳಿಸುತ್ತೇನೆ. ಮುಂದಿನ ವಾರ ಅಳ್ನಾವರದಲ್ಲಿ ರೈಲು ಹತ್ತಿಸುತ್ತೇವೆ. ಅವಳಿಗೆ ಕೆಮ್ಮು ಬೇಗ ಹಿಡಿಯುತ್ತದೆ, ತಣ್ಣೀರು ಕುಡಿಯಲು ಬಿಡಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿ ನಿನಗೂ ಸೇರಿಸಿ ಕಟ್ಟುತ್ತೇನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈಗಿರುವುದಕ್ಕಿಂತ ಹೆಚ್ಚು ಬೇಡ.

ನಿನ್ನ
ಗೋದು

ತಾ.ಕ.: ಭಾಷಣದ ದಿನ ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ನೀನು ಹಲಗೆಯ ಮೇಲೆ ಚುಕ್ಕಿಗಳ ಚೌಕ ಹಾಕಿ, ಅಂಚಿನ ಚುಕ್ಕಿಗಳಿಗೆ ಅಂಕಿ ಕೊಟ್ಟು, ಒಳಗಿನವನ್ನು ಯಾರು ತುಂಬುತ್ತೀರಿ ಎಂದೆ. ಮಾಲಾ ಎದ್ದು ಹೋಗಿ ಪ್ರತಿ ಚುಕ್ಕಿಗೂ ಅದರ ನಾಲ್ಕು ನೆರೆಯ ಚುಕ್ಕಿಗಳ ಸರಾಸರಿ ಬರೆದು, ಅಂಕಿಗಳು ಕದಲದೆ ನಿಲ್ಲುವವರೆಗೆ ತಿದ್ದಿದಳು. "ಯಾರ ಕಲಿಸ್ಯಾರವಾ ನಿನಗ?" ಎಂದು ನೀನು ಕೇಳಿದೆ. "ಯಾರೂ ಇಲ್ರಿ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಚಿಕ್ಕವಳಿದ್ದಾಗ, ನಾನು ರೊಟ್ಟಿ ಬಡಿಯುತ್ತ, ಪಕ್ಕದಲ್ಲಿ ರಂಗೋಲಿ ಚುಕ್ಕಿ ಇಟ್ಟು, ಹೀಗೇ ಅಂಕಿ ತುಂಬಿಸಿ ಅವಳನ್ನು ಆಡಿಸುತ್ತಿದ್ದೆ. ಲೆಕ್ಕ ಎಂದರೆ ಅತ್ತೆ ಬಿಡುತ್ತಿರಲಿಲ್ಲ, ಅದಕ್ಕೆ ಆಟ ಎಂದಿದ್ದೆ. ಅವಳಿಗೆ ಇವತ್ತಿಗೂ ಅದು ಆಟ. ಆದರೆ ರುಕ್ಮಾ, ಅವಳು ಒಂದು ಬಿಟ್ಟು ಒಂದು ಚುಕ್ಕಿ ತುಂಬಿಕೊಂಡು ಹೋಗಿ, ಆಮೇಲೆ ಬಿಟ್ಟವಕ್ಕೆ ಮರಳಿದಳು. ಧಾರವಾಡದಲ್ಲಿ ಹಾಗೆ ಮಾಡುತ್ತಿದ್ದವಳು ನಾನೊಬ್ಬಳೇ, ಅದನ್ನು ನೋಡಿ ನೀನು ದಿನಾ ನಗುತ್ತಿದ್ದೆ. ಮಗಳಿಗೆ ಗೊತ್ತಿಲ್ಲ, ಹೋಗಲಿ. ನೀನು ಹಲಗೆಯ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅವಳ ಆ ಲೆಕ್ಕದಲ್ಲಿ ನಿನಗೂ ನನ್ನ ಗುರುತು ಸಿಗಲಿಲ್ಲ.