ಹನ್ನೊಂದು ಸಹಿಗಳ ಹಾಳೆ

ಸಿಂಧನೂರು
ಗುರುವಾರ, 13 ನವೆಂಬರ್ 2025

ಅವ್ವಾ,

ಜೈ ಭೀಮ್. ಕೆಮ್ಮು ಕಡಿಮೆಯಾಯಿತೇ, ಗುಳಿಗೆ ನುಂಗಿದೆಯಾ ಎಂದು ಕೇಳಿ ಆಮೇಲೆ ಮಾತಿಗೆ ಬರುವಷ್ಟು ಸಮಾಧಾನ ಇವತ್ತು ನನ್ನಲ್ಲಿಲ್ಲ. ಫೋನು ಮಾಡಿದರೆ ಅರ್ಧ ಹೇಳುವುದರೊಳಗೆ "ನೀ ಮೊದಲು ಹೊಟ್ಟಿಗಿ ಏನರ ತಿನ್ನವ್ವ" ಎಂದು ಮಾತು ತಿರುಗಿಸುತ್ತಿ. ಅದಕ್ಕೇ ಕಾಗದ. ಪಕ್ಕದ ಮನೆಯ ಜ್ಯೋತಿಯ ಕೈಗೆ ಕೊಟ್ಟು ಓದಿಸಿಕೋ. ತಿಮ್ಮವ್ವ ಚಿಗವ್ವನೂ ಕೂತು ಕೇಳಲಿ.

ಹೋದ ತಿಂಗಳು ವೀರೇಶ ಎನ್ನುವವನು ಜೀಪಿನಲ್ಲಿ ಮಸ್ಕಿಗೆ, ನಮ್ಮ ಕೇರಿಗೆ ಬಂದು ನಿಮಗೆಲ್ಲ ಬೂಟು, ಕೈಗವಸು ಹಂಚಿ ಹೋದನಲ್ಲ. ಅವನು ಮುಂದಿಟ್ಟ ಹಾಳೆಗೆ ನೀವು ಹನ್ನೊಂದು ಮಂದಿ ಸಹಿ ಮಾಡಿದಿರಲ್ಲ. ಆ ಹಾಳೆಯನ್ನು ನಾನು ನೋಡಿದೆ. ಟೆಂಡರಿನ ಕಡತದಲ್ಲಿ, ನೂರಾ ನಲವತ್ಮೂರನೇ ಪುಟದಲ್ಲಿ ನೋಡಿದೆ.

ಬಿಡಿಸಿ ಹೇಳುತ್ತೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿನ ಕಸ ಇನ್ನು ಒಬ್ಬನೇ ಗುತ್ತಿಗೆದಾರನ ಕೈಗೆ ಹೋಗುತ್ತದೆ. ಮನೆಮನೆಯಿಂದ ಎತ್ತುವುದು, ಬೇರೆ ಮಾಡುವುದು, ಹಳೆಯ ಗುಡ್ಡೆ ಕರಗಿಸುವುದು, ಎಲ್ಲ ಅವನದೇ, ಹತ್ತು ವರ್ಷ. ಅವನನ್ನು ಆರಿಸುವ ಐದು ಜನರ ಕಮಿಟಿಯಲ್ಲಿ ನಿನ್ನ ಮಗಳೂ ಒಬ್ಬಳು. ಯಾವ ಗುಡ್ಡೆಯ ಮೇಲೆ ಬಾಗಿ ಪ್ಲಾಸ್ಟಿಕ್ಕು, ಕಬ್ಬಿಣ ಆರಿಸಿ ನೀನು ನನ್ನನ್ನು ಎಂಜಿನಿಯರಿಂಗ್ ಓದಿಸಿದೆಯೋ, ಆ ಗುಡ್ಡೆಯ ಹಣೆಬರಹಕ್ಕೆ ನಾನು ಅಂಕ ಹಾಕುವವಳು. ಒಂದು ತಿಂಗಳು ಎದೆ ಸೆಟೆಸಿಕೊಂಡು ತಿರುಗಿದೆ. ಮುಗಿಯಿತು ಅದು.

ಕಣದಲ್ಲಿ ಉಳಿದಿರುವ ಕಂಪನಿಗಳು ಎರಡು. ಒಂದನೇ ನಂಬರಿನವರು ಕಸದ ಯಾರ್ಡಿನಲ್ಲಿ ಆರಿಸುವವರನ್ನು ಕೂಲಿ ಕೊಟ್ಟು ಇಟ್ಟುಕೊಳ್ಳುತ್ತೇವೆ, ಗುತ್ತಿಗೆ ಸಿಕ್ಕಮೇಲೆ ಬಂದು ಅವರ ಒಪ್ಪಿಗೆ ಕೇಳುತ್ತೇವೆ ಎಂದು ಬರೆದಿದ್ದಾರೆ. ವೀರೇಶ ಎರಡನೇ ನಂಬರಿನವರ ಮನುಷ್ಯ. "ಸ್ಥಳೀಯರ ಒಪ್ಪಿಗೆ" ಎಂಬುದಕ್ಕೆ ಇಪ್ಪತ್ತು ಅಂಕ ಇದೆ. ಒಪ್ಪಿಗೆಯ ಹಾಳೆ ತಂದವರು ಇವರೊಬ್ಬರೇ.

ಭಾನುವಾರ ಫೋನಿನಲ್ಲಿ ಬೂಟಿನ ಸುದ್ದಿ ಎತ್ತಿದ್ದೆ, ನೆನಪಿದೆಯಾ? ಯಾಕೆಂದು ಹೇಳಿರಲಿಲ್ಲ. "ಅನುಪಮಾ ಮೇಡಂ ಕಳಿಸ್ಯಾರ ಅಂದನವ್ವ. ನಿನ್ನ ಮಾತು ತಗದು ಹಾಕಾಕ ಬರತೈತೇನು? ಎಲ್ಲಾರಕಿಂತ ಮೊದಲು ನಾನಾ ಸಹಿ ಮಾಡೀನಿ" ಎಂದು ನೀನು ನಕ್ಕೆ. ಹಿಂದಿನಿಂದ ತಿಮ್ಮವ್ವ ಚಿಗವ್ವ ಕೂಗಿದಳು: "ನನಗ ಎರಡೂ ಎಡಗಾಲಿನ ಬೂಟ ಕೊಟ್ಟಾನ ಬೇ! ಬಲಗಾಲಿಂದು ಆಫೀಸಿನಾಗ ಉಳದೈತೇನು ನೋಡು ಅನ್ನು ನಿನ್ನ ಮಗಳಿಗಿ." ನಾನೂ ನಕ್ಕೆ. ಅವನನ್ನು ನಾನು ಕಳಿಸಿರಲೇ ಇಲ್ಲ, ಅವ್ವಾ.

ನೀವು ಸಹಿ ಮಾಡುವಾಗ ಆ ಹಾಳೆಯಲ್ಲಿ ಗೆರೆ ಬಿಟ್ಟರೆ ಏನೂ ಇರಲಿಲ್ಲ ಎಂದು ನೀನೇ ಹೇಳಿದೆ. ಈಗ ಅದರ ಮುಂದೆ ಎರಡು ಪುಟ ಸೇರಿವೆ. "ಯಾರ್ಡಿನಲ್ಲಿ ಆರಿಸಿ ಮಾರುವ ರೂಢಿಯ ಹಕ್ಕನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದೇವೆ, ಸ್ವಂತ ಇಚ್ಛೆಯಿಂದ ಸ್ವಯಂಸೇವಕಿಯರಾಗಿ ದುಡಿಯುತ್ತೇವೆ" ಎಂದು ಬರೆದಿದೆ. ಸ್ವಯಂಸೇವಕಿ ಅಂದರೆ ಕೂಲಿ ಕೇಳದವಳು, ಅವ್ವಾ. ಯಾರ್ಡಿಗೆ ಕಾಂಪೌಂಡು ಬೀಳುತ್ತದೆ. ಒಂದೇ ಗೇಟು, ಅದಕ್ಕೊಬ್ಬ ಕಾವಲುಗಾರ. ಮಲೀಕಸಾಬನ ಗುಜರಿಗೆ ಹಾಕಲು ನಿನ್ನ ಚೀಲದಲ್ಲಿ ಒಂದು ಬಾಟಲಿಯೂ ಇರುವುದಿಲ್ಲ. ಊರು ಬಿಸಾಕಿದ್ದು ನಾರುವಷ್ಟು ದಿನ ನಮ್ಮದಾಗಿತ್ತು. ಅದಕ್ಕೆ ಬೆಲೆ ಬಂತೋ, ಕಂಪನಿಯದಾಯಿತು.

ಇನ್ನು ನನ್ನ ಪಾಲಿನದು ಕೇಳು. ಹೆಬ್ಬೆಟ್ಟು ಒತ್ತುವುದು ಗುಲಾಮಗಿರಿ, ಸಹಿ ಕಲೀರಿ ಎಂದು ಕಾಲೇಜಿನ ಮೂರು ಬೇಸಿಗೆ ರಜೆಯಲ್ಲಿ ನಿಮ್ಮ ಕೈಗೆ ಪಾಟಿ ಕೊಟ್ಟು ಕೂಡಿಸಿದವಳು ನಾನು. "ಈ ಅಕ್ಷರಕಿಂತ ಕಸದ ಚೀಲಾನಾ ಹಗೂರ ಅದಾವ" ಎಂದು ಬೈಯುತ್ತಲೇ ಚಿಗವ್ವ ಕಲಿತಳು. ನಮ್ಮ ಕಮಿಟಿಯ ನಿಯಮ ಏನು ಗೊತ್ತೇ? ಹೆಬ್ಬೆಟ್ಟು ಇದ್ದರೆ ಒಬ್ಬ ಸಾಕ್ಷಿ ನಿಂತು "ಓದಿ ಹೇಳಿದ್ದೇನೆ" ಎಂದು ಬರೆದುಕೊಡಬೇಕು. ಸಹಿ ಇದ್ದರೆ ಬೇಕಿಲ್ಲ. ಸಹಿ ಮಾಡಿದವರು ಓದಿ ತಿಳಿದೇ ಮಾಡಿದ್ದಾರೆ ಎಂದು ಅರ್ಥ. ಹನ್ನೊಂದಕ್ಕೆ ಹನ್ನೊಂದೂ ಸಹಿ. ಎಲ್ಲಕ್ಕಿಂತ ಮೇಲೆ, ದುಂಡಗೆ, "ಗದ್ದೆಮ್ಮ ಗಾಳೆಪ್ಪ". ಸತ್ತ ಅಪ್ಪನ ಹೆಸರನ್ನೂ ಬಿಡದೆ ದುಡಿಸಿಕೊಂಡಿದ್ದಾರೆ.

ಕಳೆದ ಸೋಮವಾರ ದೊಡ್ಡ ಸಾಹೇಬರ ಮುಂದೆ ಹೋಗಿ ಹೇಳಿದೆ: ಇದು ನನ್ನ ತಾಯಿಯ ಸಹಿ, ಇದು ಮೋಸ. ಅವರು ಬೈಯಲಿಲ್ಲ. ಚಹಾ ತರಿಸಿದರು. "ಮೇಡಂ, ಯಾವ ಕಂಪನಿಗೂ ನನ್ನ ಬಳಗದವರ ಸಂಬಂಧ ಇಲ್ಲ ಅಂತ ಮೊದಲ ದಿನಾನಾ ಬರಕೊಟ್ಟೀರಿ. ಈಗ ನಮ್ಮವ್ವ ಅದರಾಗ ಅದಾಳ ಅಂದ್ರ ಸುಳ್ಳು ಬರದಂಗ ಆತಲ್ರಿ? ಕಮಿಟಿಯಿಂದ ಹೊರಗ ಹೋಗ್ತೀರಿ, ಪ್ರೊಬೇಷನ್ನೂ ಹೋಗತೈತಿ. ಆಮ್ಯಾಲೆ ಆ ಹನ್ನೊಂದು ಮಂದಿ ಪರವಾಗಿ ಮಾತಾಡಾಕ ಒಳಗ ಯಾರಿರ್ತಾರ, ನೀವಾ ಹೇಳ್ರಿ" ಎಂದರು.

ಒಳಗಿರಬೇಕಾದರೆ ಬಾಯಿ ಮುಚ್ಚಬೇಕು. ಬಾಯಿ ತೆರೆದರೆ ಒಳಗಿರುವುದಿಲ್ಲ. ಚಳವಳಿಯಲ್ಲಿದ್ದಾಗ ಇಂಥ ಆಫೀಸುಗಳ ಮುಂದೆ ಬಿಸಿಲಲ್ಲಿ ಕೂತು ಕೂಗಿದ್ದೇನೆ. ಆಗ ನನ್ನನ್ನು ಹೊರಗಿಟ್ಟು ಬಾಗಿಲು ಹಾಕುತ್ತಿದ್ದರು. ಈಗ ಕುರ್ಚಿ ಕೊಟ್ಟು, ಫ್ಯಾನು ತಿರುಗಿಸಿ, ಒಳಗಿಟ್ಟು ಬಾಗಿಲು ಹಾಕಿದ್ದಾರೆ. ಹೊರಗಿದ್ದಾಗ ಕೂಗುವುದಾದರೂ ಆಗುತ್ತಿತ್ತು.

ಬರುವ ಸೋಮವಾರ ಲಿಂಗಸುಗೂರಿನಲ್ಲಿ ಕಮಿಟಿ ಕೂಡುತ್ತದೆ. ಅಂಕಪಟ್ಟಿಗೆ ನಾನು ಅಲ್ಲಿ ಸಹಿ ಮಾಡಬೇಕು. ಅದಕ್ಕೆ ಮೊದಲು ನೀವು ಹನ್ನೊಂದೂ ಮಂದಿ ಬೆಳಗಿನ ಬಸ್ಸಿಗೆ ಬನ್ನಿ. ಇದರ ಜೊತೆ ಒಂದು ಅರ್ಜಿ ಇಟ್ಟಿದ್ದೇನೆ. ಅದಕ್ಕೆ ಸಹಿ ಹಾಕಿ, ಕೈಯಾರೆ ಕೊಟ್ಟು, ತಲುಪಿದ್ದಕ್ಕೆ ಮುದ್ರೆ ಒತ್ತಿಸಿಕೊಳ್ಳಿ. ನಾಳೆ ಬರ್ರಿ ಎಂದು ಗುಮಾಸ್ತ ಅಂದರೆ ಏಳಬೇಡಿ, ಅಲ್ಲೇ ಕೂತುಬಿಡಿ. ಚಿಗವ್ವನಿಗೆ ಬಾಯಿ ಬಿಗಿಹಿಡಿ ಎಂದು ಹೇಳಬೇಡ, ಅವಳ ಬಾಯಿ ಅವತ್ತು ಬೇಕು. ನಾನು ಎದುರಿಗೆ ಬಂದರೆ ನೀನು "ಅನೂ" ಎಂದು ಕೂಗಬೇಡ. ಗುರುತಿಲ್ಲದವರಂತೆ ಹೋಗುತ್ತೇನೆ, ಹೊಟ್ಟೆಗೆ ಹಾಕಿಕೋ.

ಗುಳಿಗೆ ಬಿಡಬೇಡ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ,
ಅನುಪಮಾ

ತಾ.ಕ.: ಜ್ಯೋತಿ, ಇದನ್ನೂ ಗಟ್ಟಿಯಾಗಿ ಓದು. ಒಂದು ಸಾಲೂ ನುಂಗಬೇಡ.

ಅವ್ವಾ, ಸೋಮವಾರ ಯಾವ ಕಮಿಟಿಯೂ ಕೂಡುವುದಿಲ್ಲ. ಅದು ಮೊನ್ನೆ ಮಂಗಳವಾರವೇ ಕೂಡಿತು. ಎರಡನೇ ನಂಬರಿನ ಕಂಪನಿಗೆ ಇಪ್ಪತ್ತಕ್ಕೆ ಹದಿನೆಂಟು ಹಾಕಿ ನಾನು ಸಹಿ ಮಾಡಿದೆ. ಯಾರೂ ಕೈ ಹಿಡಿದು ಮಾಡಿಸಲಿಲ್ಲ, ಹೆದರಿ ಮಾಡಿದೆ. ಸೋಮವಾರ ತಕರಾರು ಸಲ್ಲಿಸಲು ಕೊನೆಯ ದಿನ, ಅಷ್ಟೇ. ನನ್ನ ಸಹಿಯ ಮೇಲೆ ನಾನೇ ತಕರಾರು ಹೇಳಲು ಬರುವುದಿಲ್ಲ, ನಿಮಗೆ ಬರುತ್ತದೆ. ಅರ್ಜಿಯ ಎರಡನೇ ಪುಟದಲ್ಲಿ, "ಕಮಿಟಿಯ ಸದಸ್ಯೆ ಅನುಪಮಾ ಗದ್ದೆಮ್ಮನ ಮಗಳು, ಮೋಸ ಗೊತ್ತಿದ್ದೂ ಅಂಕ ಕೊಟ್ಟಿದ್ದಾಳೆ" ಎಂದು ಬರೆದಿದ್ದೇನೆ. ಆ ಸಾಲಿಲ್ಲದಿದ್ದರೆ ಕಮಿಟಿಯೇ ಪರೀಕ್ಷೆ ಮಾಡಿದೆ ಎಂದು ಅರ್ಜಿಯನ್ನು ಮೂಲೆಗೆ ಎಸೆಯುತ್ತಾರೆ. ಇದ್ದರೆ ನನ್ನ ನೌಕರಿ ಉಳಿಯುವುದಿಲ್ಲ. ಇದನ್ನು ನಿನಗೆ ತಿಳಿಸದೆಯೇ ಸಹಿ ಹಾಕಿಸಿಕೊಳ್ಳೋಣ ಎಂದು ಮೇಲಿನ ಸುಳ್ಳು ಬರೆದೆ. ಲಕೋಟೆಗೆ ಅಂಟು ಹಚ್ಚುವಾಗ, ವೀರೇಶ ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು.

ಮಗಳ ನೌಕರಿ ಉಳಿಯಲಿ ಎನಿಸಿದರೆ ಅರ್ಜಿ ಹರಿದುಹಾಕು. ಆಮೇಲೆ ನಾನೇನೂ ಅಂದುಕೊಳ್ಳುವುದಿಲ್ಲ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ.