ಸಿದ್ದರಾಯನೆಂಬ ಶೆವಂತಾ

ಇಚಲಕರಂಜಿ, ೧೯೮೫

ನನ್ನ ಜೀವದ ಶೆವಂತಾ,

ನಿನ್ನ ಗಂಡ ಕೃಷ್ಣಾತ ನಿನ್ನೆ ಗಡಹಿಂಗ್ಲಜದಿಂದ ಒಬ್ಬನೇ ಬಂದ. ನಿನ್ನ ವರ್ಷದ ಕಾರ್ಯಕ್ಕೆ ಕ್ಯಾಸೆಟ್ಟಿನಲ್ಲಿ ಹೆಸರಾದ 'ನೆಲಮಾಳಿಗೆ ಮೇಳ'ದವರನ್ನು ಕರೆತರಲು ಹೋಗಿದ್ದ. ಸಿದ್ದರಾಯ, ಹಾಲಸಿದ್ದ ಎಂಬ ಇಬ್ಬರು ಗಂಡಸರ ಮೇಳ ಅದು ಎಂದೇ ಊರೆಲ್ಲ ನಂಬಿದೆ. ಆ ಇಬ್ಬರೂ ನಾವೇ ಎಂಬುದು ನಮ್ಮನ್ನು ಮತ್ತು ಕ್ಯಾಸೆಟ್ ಅಂಗಡಿಯ ಧನಪಾಲನನ್ನು ಬಿಟ್ಟರೆ ಯಾರಿಗೆ ಗೊತ್ತಿತ್ತು?

ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುತ್ತ ಶುರುವಾದದ್ದು. ಪೂರಾ ಹಾಡೂ ಅಲ್ಲ, ಮಾತೂ ಅಲ್ಲ; ಮಗ್ಗದ ಖಟಖಟಕ್ಕೆ ಪ್ರಾಸ ಕೂಡಿಸಿ ಉಸಿರು ಬಿಡದೆ ನುಡಿಯುತ್ತಿದ್ದೆವು. ನೀನೊಂದು ಸಾಲು, ನಾನೊಂದು ಸಾಲು.

"ಮುಕಾದಮನ ಮೀಸಿ ಮ್ಯಾಗ, ನಮ್ಮ ಪಗಾರ ತಳದಾಗ,
ಊರಿಗೆಲ್ಲಾ ಬಟ್ಟಿ ನೇಯ್ದ ನಮಗ ಹರಕ ಮೈಮ್ಯಾಗ."

ಆ ಗದ್ದಲದಲ್ಲಿ ನಮ್ಮಿಬ್ಬರಿಗೆ ಮಾತ್ರ ಕೇಳಿಸುತ್ತಿತ್ತು. ಶೆಡ್ಡಿನ ಮೇಸ್ತ್ರಿ ಆ ಮುಕಾದಮನ ಕಿವಿಗೆ ಬಿದ್ದರೆ ಕೆಲಸ ಹೋಗುತ್ತಿತ್ತು. ಉಪಾಯ ನಿನ್ನದೇ. "ಗಂಡಸರ ಹೆಸರ ಇಡೂಣ ತಡಿ ರಾಯಿ. ಗಡಹಿಂಗ್ಲಜದವ್ರು ಅನ್ನೂಣು. ಅಷ್ಟ ದೂರ ಯಾರ ಹುಡಕಾಕ ಹೊಕ್ಕಾರ?" ಧನಪಾಲನ ಅಂಗಡಿಯ ಕೆಳಗೆ, ನೆಲಮಾಳಿಗೆಯ ನೂಲಿನ ಕೋಣೆಯಲ್ಲಿ, ಖಾಲಿ ಕೊಡದೊಳಗೆ ಮುಖವಿಟ್ಟು ದನಿ ದಪ್ಪ ಮಾಡಿಕೊಂಡು ನುಡಿದೆವು; ಅವನು ಅದನ್ನು ಕ್ಯಾಸೆಟ್ಟಿಗೆ ತುಂಬಿದ.

ಚಹಾದಂಗಡಿಗಳಲ್ಲೆಲ್ಲ ಆ ಕ್ಯಾಸೆಟ್ ತಿರುಗಿತು. ಹಾಲಸಿದ್ದನನ್ನು ಕಣ್ಣಾರೆ ಕಂಡೆ, ಕೆಂಪು ರುಮಾಲು ಸುತ್ತಿದ್ದ ಎಂದು ಒಬ್ಬ ಆಣೆ ಮಾಡಿದಾಗ ನೀನು ಸೆರಗು ಕಚ್ಚಿ ನಕ್ಕೆ. ಎಲ್ಲರಿಗಿಂತ ಹೆಚ್ಚು ಮರುಳಾದವನು ಕೃಷ್ಣಾತನೇ. ರೊಟ್ಟಿ ಬಡಿಯುತ್ತ ನೀನು ಗುನುಗಿದರೆ, "ನೀ ಸುಮ್ಮನಿರ, ಸಿದ್ದರಾಯನ ದನಿ ಕೇಳೂಣು" ಎಂದನಂತೆ. ನನಗದನ್ನು ಹೇಳುವಾಗ ಮೊದಲು ನಕ್ಕವಳು ನೀನೇ, ಆಮೇಲೆ ಮುಖ ತಿರುಗಿಸಿದವಳೂ ನೀನೇ.

ಕಾಮಾಲೆ ಹೆಚ್ಚಾಗಿ ನಿನ್ನನ್ನು ಕೊಲ್ಲಾಪುರದ ಆಸ್ಪತ್ರೆಗೆ ಒಯ್ದಾಗ ಅವನು ಮಂಚದ ಬಳಿ ಅದೇ ಕ್ಯಾಸೆಟ್ ಹಚ್ಚಿದ. "ನಿನಗ ಭಾಳ ಸೇರತೈತೆಲ್ಲ, ಕೇಳ" ಎಂದ. ಹೇಳಲೇ ಎಂದು ನಾನು ಕಣ್ಣಿನಲ್ಲೇ ಕೇಳಿದರೆ, ನೀನು ಬೇಡವೆಂದು ತಲೆಯಾಡಿಸಿದೆ. ಮರುದಿನ ನೀನಿರಲಿಲ್ಲ.

ನಿನ್ನೆ ಅವನು ನಮ್ಮ ಕಟ್ಟೆಯ ಮೇಲೆ ಕುಸಿದು ಕೂತ. ಗಡಹಿಂಗ್ಲಜದಲ್ಲಿ ಯಾರೋ ಉತ್ತೂರಿಗೆ ಹೋಗು ಎಂದರಂತೆ, ಉತ್ತೂರಿನವರು ನಕ್ಕರಂತೆ. "ಆಕೀದೊಂದ ಆಸೆ ಪೂರಾ ಮಾಡೂಣಂದ್ರ ಆಗಲಿಲ್ಲ ನೋಡಕ್ಕಾ" ಎಂದು ಅತ್ತ. ತಡೆಯಲಾಗಲಿಲ್ಲ ಶೆವಂತಾ. "ಅಣ್ಣಾ, ಸಿದ್ದರಾಯ ಅಂದ್ರ ನಿನ್ನ ಶೆವಂತಾನ. ಹಾಲಸಿದ್ದ ನಾ" ಎಂದೆ. ನಂಬಲಿಲ್ಲ. ಹಾಲಸಿದ್ದನ ಸಾಲುಗಳನ್ನು ಅವನೆದುರೇ ನುಡಿದು ತೋರಿಸಿದೆ. ಅವನ ಮುಖ ಕಪ್ಪಿಟ್ಟಿತು. ಆಮೇಲೆ ಕೇಳಿದ: "ಅಂಥಾ ದನಿ ಇಟಗೊಂಡ ನನ್ನ ಮನ್ಯಾಗ ಯಾಕ ಸುಮ್ಮನಿದ್ಳಕ್ಕಾ?"

ಉತ್ತರ ನನಗೆ ಗೊತ್ತಿತ್ತು. "ನೀ ಸುಮ್ಮನಿರ" ಎಂದದ್ದು ಅವನಿಗೇ ನೆನಪಾಯಿತೋ ಏನೋ, ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ನಾಳೆ ನಿನ್ನ ಕಾರ್ಯ. ಕೆಲಸ ಹೋದರೂ ಹೋಗಲಿ, ನಮ್ಮಿಬ್ಬರ ಹೆಸರು ಹೇಳಿಯೇ ಎಲ್ಲರೆದುರು ನುಡಿಯುತ್ತೇನೆ. ನನ್ನ ಸಾಲು ಮುಗಿದಾಗ ನಿನ್ನ ಸಾಲಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಅದನ್ನು ತುಂಬಲು ನನ್ನಿಂದಾಗದು.

ಹೋಗಿ ಬಾ ನನ್ನವ್ವಾ. ಇದ್ದಲ್ಲಿ ಬಾಯಿ ತುಂಬ ನುಡಿ. ಅಲ್ಲಿ ಯಾರೂ ನಿನ್ನನ್ನು ತಡೆಯದಿರಲಿ.

ಒಂಟಿಯಾದ ನಿನ್ನ
ರಾಯವ್ವ